ತೋಟದ ಕೆರೆ: ಸೋಸಿದ ನೀರೆಲ್ಲ ಕುಡಿಯುವ ನೀರಲ್ಲ



ಮಳೆ ನಿಂತು ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ ಬಂತೆಂದರೆ ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಮನೆಗಳಲ್ಲಿ ಕೇಳಿಬರುವ ದೂರು ಒಂದೇ: "ಪಂಪು ನೀರು ಎಳೆಯುವುದಿಲ್ಲ." ಎಷ್ಟೋ ಸಲ ತಪ್ಪು ಮೋಟಾರಿನದ್ದಲ್ಲ.

ದಂಡೆಯ ಮೇಲಿಟ್ಟ ಪಂಪಿಗೆ ನೀರು ಏರುವುದು ಗಾಳಿಯ ಒತ್ತಡದಿಂದ. ಆ ಒತ್ತಡ ಸುಮಾರು 34 ಅಡಿಗಿಂತ ಮೇಲಕ್ಕೆ ನೀರನ್ನು ಏರಿಸಲಾರದು. ಪೈಪಿನ ತಿಕ್ಕಾಟವೆಲ್ಲ ಕಳೆದು ನಮಗೆ ದಕ್ಕುವುದು 20ರಿಂದ 22 ಅಡಿ. ಆದ್ದರಿಂದ ಏಪ್ರಿಲಿನಲ್ಲಿ ಕೆರೆ ತಗ್ಗಿದಾಗ ಪಂಪನ್ನೂ ಕೆಳಗಿಳಿಸಬೇಕು. ದೊಡ್ಡ ಮೋಟಾರು ತಂದು ಫಲವಿಲ್ಲ.

ಫುಟ್‌ವಾಲ್ವ್ ತಳದ ಕೆಸರಿನಿಂದ ಒಂದೆರಡು ಅಡಿ ಮೇಲಿರಲಿ, ಆದರೆ ನೀರಿನಲ್ಲಿ ಚೆನ್ನಾಗಿ ಮುಳುಗಿರಲಿ. ಅದರಲ್ಲಿ ಎಲೆ, ಕಸ ಸಿಕ್ಕಿಕೊಂಡರೆ ಪೈಪಿನ ನೀರು ಇಳಿದುಹೋಗಿ, ದಿನಾಲೂ ಪಂಪಿಗೆ ನೀರು ತುಂಬಿಸುವ ಕೆಲಸವಾಗುತ್ತದೆ. ಅದನ್ನು ಬಿಡಿಸಲು ಕೆರೆಗಿಳಿಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ. ಕಾಲಿನಲ್ಲಿ ಗಾಯವಿದ್ದವರು ಇಳಿಯುವುದೇ ಬೇಡ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು.

ಹನಿ ನೀರಾವರಿ ಇದ್ದವರಿಗೆ ಫಿಲ್ಟರ್ ಬೇಕೇ ಬೇಕು. ಕೆರೆ ನೀರಿನಲ್ಲಿ ಪಾಚಿ ಇರುವುದರಿಂದ ಮೊದಲು ಮರಳಿನ ಫಿಲ್ಟರ್, ಅದರ ನಂತರ ಜಾಲರಿಯ ಅಥವಾ ಡಿಸ್ಕ್ ಫಿಲ್ಟರ್. ಒಳಗೆ ಬರುವ ಮತ್ತು ಹೊರಗೆ ಹೋಗುವ ನೀರಿನ ಒತ್ತಡ ತೋರಿಸುವ ಎರಡು ಗೇಜುಗಳನ್ನು ನೋಡುತ್ತಿರಿ. ವ್ಯತ್ಯಾಸ ಅರ್ಧ ಕಿಲೋ ಆದರೆ ಮರಳು ಕಟ್ಟಿಕೊಂಡಿದೆ ಎಂದರ್ಥ. ಆಗ ನೀರನ್ನು ಹಿಮ್ಮುಖವಾಗಿ ಬಿಟ್ಟು, ಹೊರಬರುವ ನೀರು ತಿಳಿಯಾಗುವ ತನಕ ತೊಳೆಯಬೇಕು. ಪೈಪುಗಳ ತುದಿಯನ್ನೂ ಆಗಾಗ ಬಿಚ್ಚಿ ಕಸ ಹರಿಯಬಿಡಿ.

ಇನ್ನು ಮುಖ್ಯ ವಿಷಯ. ಫಿಲ್ಟರಿನಿಂದ ಬರುವ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿದಾಗ ಅದೇ ಪೈಪಿನಿಂದ ಅಡುಗೆಮನೆಗೆ ಕೊಡ ತುಂಬಿಸುವ ಆಸೆಯಾಗುತ್ತದೆ. ಆದರೆ ಹನಿ ನೀರಾವರಿಯ ಸಾಮಾನ್ಯ ಜಾಲರಿಯ ತೂತು 0.13 ಮಿಲಿಮೀಟರ್, ಟೈಫಾಯ್ಡ್, ಭೇದಿ ತರುವ ರೋಗಾಣುಗಳು ಅದಕ್ಕಿಂತ ಹತ್ತಾರು ಪಟ್ಟು ಚಿಕ್ಕವು. ಕಾಮಾಲೆಯ ವೈರಸ್ ಇನ್ನೂ ಸೂಕ್ಷ್ಮ. ಫಿಲ್ಟರ್ ಕಾಯುವುದು ಪೈಪನ್ನು, ಹೊಟ್ಟೆಯನ್ನಲ್ಲ.

ಕುಡಿಯುವ ನೀರನ್ನು ಕೊತಕೊತನೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಡಿ. ಬೇಗ ಆರಲೆಂದು ಅದಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ್ದೇ ವ್ಯರ್ಥ. ಹಬ್ಬ, ಮದುವೆಯ ಊಟಗಳಲ್ಲಿ ಈ ತಪ್ಪು ಹೆಚ್ಚು. ಕೊಳೆರೋಗಕ್ಕೆ ಬಿಟ್ಟ ಬೋರ್ಡೋ ದ್ರಾವಣದ ತಾಮ್ರವಾಗಲಿ, ಕೀಟನಾಶಕವಾಗಲಿ ಮಳೆನೀರಿನೊಡನೆ ಕೆರೆ ಸೇರಿದರೆ ಕುದಿಸಿದರೂ ಹೋಗದು. ಆದುದರಿಂದ ತೋಟದೊಳಗಿನ ಕೆರೆಯನ್ನು ತೋಟಕ್ಕೇ ಬಿಡಿ. ಕುಡಿಯಲು ಬಾವಿಯ ಅಥವಾ ಸುರಂಗದ ನೀರನ್ನೇ ಕುದಿಸಿ ಬಳಸಿ.

ಅಡಿಕೆ ಗಿಡಕ್ಕೆ ನೀರು ಸೋಸಿ ಕೊಡುವ ನಾವು, ಮಕ್ಕಳ ಲೋಟದ ನೀರಿನ ಬಗ್ಗೆಯೂ ಅಷ್ಟೇ ಜಾಗ್ರತೆ ವಹಿಸೋಣ.