ಮಾಲ್ ನೋಡೋಣ ಬನ್ನಿ

ಬೆಂಗಳೂರಿಗೆ ಹೋದವರು ಏನೇನು ನೋಡುತ್ತಾರೆ? ವಿಧಾನಸೌಧ ನೋಡುತ್ತಾರೆ. ಲಾಲ್‌ಬಾಗ್ ನೋಡುತ್ತಾರೆ. ಈಗ ಮಾಲ್ ಕೂಡ ನೋಡಿ ಬರುತ್ತಾರೆ.

ಮಾಲ್ ಎಂದರೇನು? ಒಂದೇ ಸೂರಿನ ಕೆಳಗೆ ಹತ್ತಾರು, ನೂರಾರು ಅಂಗಡಿ. ಒಂದು ರೀತಿಯಲ್ಲಿ ನಮ್ಮ ಸಂತೆಯ ಹಾಗೆಯೇ. ಸಂತೆ ಬಯಲಲ್ಲಿ ಹರಡಿಕೊಂಡಿರುತ್ತೆ. ಮಾಲ್ ಮಹಡಿ ಮೇಲೆ ಮಹಡಿಯಾಗಿ ನಿಂತಿರುತ್ತೆ. ಬಟ್ಟೆ, ಚಪ್ಪಲಿ, ದಿನಸಿ, ಊಟ, ಸಿನಿಮಾ ಎಲ್ಲ ಅಲ್ಲೇ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಂಥ ಒಂದು ದೊಡ್ಡ ಮಾಲ್ 2010ರಲ್ಲಿ ಶುರುವಾಯಿತು. ಅದರ ಹೆಸರು ಮಂತ್ರಿ ಸ್ಕ್ವೇರ್. ಪಕ್ಕದ ಮೆಟ್ರೋ ನಿಲ್ದಾಣಕ್ಕೂ ಆ ಹೆಸರು ಸೇರಿಕೊಂಡಿದೆ. ಮೆಜೆಸ್ಟಿಕ್‌ನಲ್ಲಿ ಪೀಣ್ಯದ ಕಡೆಯ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಅದು. ಊರಲ್ಲಿ ದಾರಿ ಹೇಳುವಾಗ ನಾವು ಗುಡಿ, ಕೆರೆ, ಆಲದ ಮರದ ಗುರುತು ಹೇಳುತ್ತೇವೆ. ನಗರದಲ್ಲಿ "ಮಾಲ್ ಹತ್ರ ಇಳೀರಿ" ಅಂತಾರೆ.

ನಮ್ಮನ್ನು ಒಳಗೆ ಬಿಡ್ತಾರಾ?

ಹಲವು ಅಕ್ಕಂದಿರು ಕೇಳುವ ಮಾತು ಇದು. "ಅಷ್ಟು ದೊಡ್ಡ ಕಟ್ಟಡ. ಗಾಜಿನ ಬಾಗಿಲು. ನಮ್ಮಂಥವರನ್ನ ಬಿಡ್ತಾರಾ?"

2024ರ ಜುಲೈ ತಿಂಗಳಲ್ಲಿ ನಡೆದದ್ದು ಕೇಳಿ. ಹಳ್ಳಿಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಒಂದು ಮಾಲ್‌ಗೆ ಹೋದರು. ಅವರು ಪಂಚೆ ಉಟ್ಟಿದ್ದರು. ಪಂಚೆ ಉಟ್ಟವರನ್ನು ಬಿಡುವುದಿಲ್ಲ ಎಂದು ಕಾವಲಿನವರು ತಡೆದರು. ಸುದ್ದಿ ನಾಡಿಗೆಲ್ಲ ಹಬ್ಬಿತು. ಜನ ಸಿಟ್ಟಾದರು. ವಿಧಾನಸಭೆಯಲ್ಲೂ ಚರ್ಚೆ ಆಯಿತು. ಆ ಮಾಲ್ ಅನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಮಾಲ್‌ನವರು ಆ ರೈತರ ಕ್ಷಮೆ ಕೇಳಿದರು.

ಆದ್ದರಿಂದ ಅಂಜಬೇಡಿ. ನಿಮ್ಮ ಸೀರೆಯಲ್ಲೇ ಹೋಗಿ. ಮಾಲ್ ಒಳಗೆ ಹೋಗಲು ಟಿಕೆಟ್ ಬೇಡ. ಏನೂ ಕೊಳ್ಳದೆ ನೋಡಿಕೊಂಡು ಬರಬಹುದು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಾರೆ. ಅದು ಎಲ್ಲರಿಗೂ ಉಂಟು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು.

ಓಡುವ ಮೆಟ್ಟಿಲು

ಅಲ್ಲಿ ಮೆಟ್ಟಿಲೇ ನಮ್ಮನ್ನು ಮೇಲಕ್ಕೆ ಒಯ್ಯುತ್ತೆ. ಅದಕ್ಕೆ ಎಸ್ಕಲೇಟರ್ ಅಂತಾರೆ. ಹತ್ತುವ ಮೊದಲು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿಯಿರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಮಗುವಿನ ಕೈ ಬಿಡಬೇಡಿ. ಪಕ್ಕದ ಕಪ್ಪು ಪಟ್ಟಿ ಹಿಡಿದು, ಮೆಟ್ಟಿಲಿನ ಅಂಚು ತುಳಿಯದೆ ನಡುವೆ ನಿಲ್ಲಿ. ಬಟ್ಟೆ ಸಿಕ್ಕಿಕೊಂಡರೆ ಕೂಗಿ ಹೇಳಿ. ಕೆಳಗೂ ಮೇಲೂ ಕೆಂಪು ಗುಂಡಿ ಇರುತ್ತೆ. ಅದನ್ನು ಒತ್ತಿದರೆ ಮೆಟ್ಟಿಲು ನಿಲ್ಲುತ್ತೆ. ಭಯ ಆದರೆ ಲಿಫ್ಟ್ ಇದೆ. ಸಾದಾ ಮೆಟ್ಟಿಲೂ ಇರುತ್ತೆ.

ಓದಿ, ಆಮೇಲೆ ಕೊಳ್ಳಿ

ಸಂತೆಯಲ್ಲಿ ಚೌಕಾಸಿ ಮಾಡಬಹುದು. ಮಾಲ್‌ನಲ್ಲಿ ಸಾಮಾನ್ಯವಾಗಿ ಬೆಲೆ ಬರೆದೇ ಇರುತ್ತೆ. ಅಲ್ಲಿ ನಮಗೆ ಬೇಕಾದ್ದು ಓದು, ಲೆಕ್ಕ.

499 ರೂಪಾಯಿ ಅಂತ ಬರೆದಿರುತ್ತೆ. ನಾನೂರು ಚಿಲ್ಲರೆ ಅನ್ನಿಸುತ್ತೆ. ಐನೂರಕ್ಕೆ ಒಂದೇ ರೂಪಾಯಿ ಕಡಿಮೆ! "50ರವರೆಗೆ ರಿಯಾಯಿತಿ" ಎಂದರೆ ಎಲ್ಲದಕ್ಕೂ ಅರ್ಧ ಬೆಲೆ ಅಲ್ಲ. "ವರೆಗೆ" ಎಂಬ ಮಾತು ಓದಿ. ಕೆಲವಕ್ಕೆ 10 ಇರಬಹುದು, ಕೆಲವಕ್ಕೆ 20.

ಪೊಟ್ಟಣದ ಮೇಲೆ ಎಂ.ಆರ್.ಪಿ. ಅಂತ ಅಚ್ಚಾಗಿರುತ್ತೆ. ತೆರಿಗೆ ಎಲ್ಲ ಅದರಲ್ಲೇ ಸೇರಿದೆ. ಅಂಗಡಿಯವರು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ರಸೀದಿ ಕೇಳಿ ತಗೊಳ್ಳಿ. ಮೋಸ ಆದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೇ ಹೇಳಬಹುದು.

ಇನ್ನೊಂದು ಮಾತು. ಅಂಗಡಿ ಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂದು ನಮ್ಮ ರಾಜ್ಯದಲ್ಲಿ 2024ರಲ್ಲಿ ಕಾನೂನು ಬಂತು. ಮಾಲ್‌ಗೆ ಹೋದಾಗ ತಲೆ ಎತ್ತಿ ಫಲಕ ಓದಿ. ನೀವು ಕಲಿತ ಅಕ್ಷರಗಳೇ ಅಲ್ಲಿ ಇರುತ್ತವೆ.

ನೀವೇ ಹೇಳಿ

1. ಸೋಪಿನ ಮೇಲೆ ಎಂ.ಆರ್.ಪಿ. 40 ರೂಪಾಯಿ ಇದೆ. ರಸೀದಿಯಲ್ಲಿ 42 ಇದೆ. ನೀವು ಏನು ಹೇಳುತ್ತೀರಿ?
2. 499 ರೂಪಾಯಿಯ ಎರಡು ಸೀರೆಗೆ ಒಟ್ಟು ಎಷ್ಟು?
3. ರೈತರನ್ನು ತಡೆದಾಗ ನೀವು ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?