ಅರವತ್ತನಾಲ್ಕು ಅರವತ್ತೈದಾಗುವ ಬಗೆ

ಪ್ರಶ್ನೆ: ಊರೂರುಗಳಲ್ಲಿ ಚದುರಿರುವ ಗೆಳೆಯರು ನಾವು ಅಂತರ್ಜಾಲದಲ್ಲಿ ಕೂಡಿ ಗಣಿತದ ಒಗಟುಗಳನ್ನು ಬಿಡಿಸುತ್ತೇವೆ. 8 ಅಂಗುಲದ ಚೌಕವನ್ನು ನಾಲ್ಕು ತುಂಡು ಮಾಡಿ 5×13ರ ಆಯತವಾಗಿ ಜೋಡಿಸಿದಾಗ ವಿಸ್ತೀರ್ಣ 64ರಿಂದ 65ಕ್ಕೆ ಏರುವುದೇಕೆ?

ಉತ್ತರ: ಕಾಗದವು ಬೆಳೆದಿಲ್ಲ, ಸುಲಭವಾಗಿ ಕಣ್ಣಿಗೆ ಬೀಳದ ತೆರಪೊಂದು ಆಯತದ ಕರ್ಣದುದ್ದಕ್ಕೂ ಅಡಗಿದೆ. ಚೌಕವನ್ನು 8×3 ಮತ್ತು 8×5ರ ಆಯತಗಳಾಗಿ ಸೀಳಿ, ಮೊದಲನೆಯದನ್ನು ಎರಡು ತ್ರಿಭುಜಗಳಾಗಿಯೂ, ಎರಡನೆಯದನ್ನು 5 ಮತ್ತು 3 ಅಂಗುಲದ ಸಮಾಂತರ ಬಾಹುಗಳುಳ್ಳ ಎರಡು ತ್ರಾಪಿಜ್ಯಗಳಾಗಿಯೂ ಕತ್ತರಿಸಿದಾಗ, ತ್ರಿಭುಜದ ಓರೆಯಂಚು 8ಕ್ಕೆ 3ರಂತೆಯೂ ತ್ರಾಪಿಜ್ಯದ್ದು 5ಕ್ಕೆ 2ರಂತೆಯೂ ಏರುವುದರಿಂದ, ಒಂದೇ ಸರಳರೇಖೆಯೆಂದು ನಾವು ನಂಬಿದುದು ವಾಸ್ತವದಲ್ಲಿ ತುಸು ಬಾಗಿದ ಎರಡು ಅಂಚುಗಳಾಗಿರುತ್ತದೆ; ಅವುಗಳ ನಡುವಣ ಸಪೂರವಾದ ಸಮಾಂತರ ಚತುರ್ಭುಜದ ವಿಸ್ತೀರ್ಣವೇ ಆ 1 ಚದರ ಅಂಗುಲ.

ಇದಕ್ಕಿಂತಲೂ ರಮಣೀಯವಾದುದು ಮಾತೃಕೆಯ ನಂಟು. ಮೊದಲ ಸಾಲಿನಲ್ಲಿ 1, 1 ಮತ್ತು ಎರಡನೆಯದರಲ್ಲಿ 1, 0 ಇರುವ ಮಾತೃಕೆಯನ್ನು ಆರನೆಯ ಘಾತಕ್ಕೇರಿಸಿದರೆ 13, 8 ಮತ್ತು 8, 5 ಎಂಬ ಸಾಲುಗಳು ದೊರೆಯುತ್ತವೆ. ಮೂಲ ಮಾತೃಕೆಯ ನಿರ್ಧಾರಕ −1. ಗುಣಲಬ್ಧದ ನಿರ್ಧಾರಕವು ನಿರ್ಧಾರಕಗಳ ಗುಣಲಬ್ಧವೇ ಆದುದರಿಂದ ಆರನೆಯ ಘಾತದಲ್ಲಿ ಅದು 1 ಆಗಲೇಬೇಕು. ಅಂದರೆ 13×5ರಲ್ಲಿ 8×8 ಕಳೆದರೆ ಉಳಿಯುವುದು 1. 5, 8, 13 ಎಂಬ ಸಂಖ್ಯೆಗಳು ಸಾಲಾಗಿ ಬರುವ, ಫಿಬೊನಾಚಿಯ ಹೆಸರಿನಿಂದ ಖ್ಯಾತವಾದ ಶ್ರೇಣಿಯನ್ನು ಅವನಿಗೂ ಮೊದಲೇ, 12ನೆಯ ಶತಮಾನದಲ್ಲಿ, ಗುಜರಾತಿನ ಜೈನಾಚಾರ್ಯ ಹೇಮಚಂದ್ರನು ಛಂದಸ್ಸಿನ ಮಾತ್ರೆಗಳನ್ನೆಣಿಸುತ್ತ ಕಂಡಿದ್ದನೆಂಬುದು ನಮಗೆ ಅಭಿಮಾನದ ಸಂಗತಿ.

ಇನ್ನೊಮ್ಮೆ ಕೂಡಿದಾಗ 5ರ ಚೌಕವನ್ನು 3×8ಕ್ಕೆ ಜೋಡಿಸಿ ನೋಡಿರಿ. ಒಬ್ಬರು ಕತ್ತರಿ ಹಿಡಿಯಲಿ, ಮತ್ತೊಬ್ಬರು ಅದೇ ಮಾತೃಕೆಯ ಐದನೆಯ ಘಾತವನ್ನು ಗುಣಿಸಲಿ. ಈ ಸಲ ಒಂದು ಚದರ ಅಂಗುಲ ಕಡಿಮೆಯಾಗುವುದು.