ನ್ಯಾಯಾಲಯದಲ್ಲಿ ಬೆಳಕಿನ ಕಡ್ಡಿ

ಭೂಪಟದ ಮೇಲೆ ಊರು ನದಿಗಳನ್ನು ತೋರಿಸಲು ಉಪಾಧ್ಯಾಯರು ಹಿಡಿಯುತ್ತಿದ್ದ ಮರದ ಕಡ್ಡಿಯ ಸ್ಥಾನವನ್ನು ಈಗ ಲೇಸರ್ ಪಾಯಿಂಟರು ಆಕ್ರಮಿಸಿದೆಯಷ್ಟೆ. ಅಮೆರಿಕದ ನ್ಯಾಯಾಲಯಗಳಲ್ಲಿ ವಕೀಲರೂ ತಜ್ಞಸಾಕ್ಷಿಗಳೂ ಹಿಗ್ಗಿಸಿದ ಬೆರಳಚ್ಚನ್ನೋ ಅಪಘಾತಸ್ಥಳದ ನಕ್ಷೆಯನ್ನೋ ಜ್ಯೂರಿಯವರಿಗೆ ವಿವರಿಸುವಾಗ ಇದನ್ನು ಬಳಸುವುದುಂಟು. (ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯು ಕ್ರಿಮಿನಲ್ ವಿಚಾರಣೆಗಳಿಂದ ಜ್ಯೂರಿಯನ್ನು ಕೈಬಿಟ್ಟಿತು.) ತರಗತಿಯಲ್ಲಿ ಚುಕ್ಕಿ ತಪ್ಪಿದರೆ ವಿದ್ಯಾರ್ಥಿಗಳು ನಕ್ಕು ಸುಮ್ಮನಾಗುತ್ತಾರೆ, ಅಲ್ಲಿಯಾದರೋ ಒಬ್ಬನ ಸ್ವಾತಂತ್ರ್ಯವೇ ಆ ಚುಕ್ಕಿಯ ನೆಲೆಯನ್ನು ಅವಲಂಬಿಸಿರಬಹುದು.

ಯಾವ ಬಣ್ಣದ್ದನ್ನು ಆರಿಸಬೇಕು? ನಮ್ಮ ಕಣ್ಣು ಎಲ್ಲ ಬಣ್ಣಗಳನ್ನೂ ಸಮನಾಗಿ ಕಾಣುವುದಿಲ್ಲ. ಸಾಕಷ್ಟು ಬೆಳಕಿರುವಾಗ, 555 ನ್ಯಾನೋಮೀಟರ್ ತರಂಗದೂರದ ಹಳದಿಹಸುರಿಗೆ ಅದರ ಸಂವೇದನೆ ಗರಿಷ್ಠ. (ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೋಮೀಟರ್.) ಆದ್ದರಿಂದ ಶಕ್ತಿ ಒಂದೇ ಆಗಿದ್ದರೂ 532 ನ್ಯಾನೋಮೀಟರಿನ ಹಸುರು ಚುಕ್ಕಿ 650ರ ಕೆಂಪು ಚುಕ್ಕಿಗಿಂತ ಸುಮಾರು ಎಂಟರಷ್ಟು ಉಜ್ಜ್ವಲವಾಗಿ ತೋರುತ್ತದೆ. ಕೆಂಪೇ ಬೇಕೆಂದರೆ 635ರದು ಮೇಲು. ಅದು 650ರದಕ್ಕಿಂತ ಎರಡರಷ್ಟು ಕಾಂತಿಯುತ. ಜ್ಯೂರಿಯ ಹನ್ನೆರಡು ಮಂದಿಯಲ್ಲಿ ಕೆಂಪನ್ನು ಸರಿಯಾಗಿ ಕಾಣಲಾರದವರು ಒಬ್ಬರಿದ್ದರೂ ಕೆಂಪು ಚುಕ್ಕಿ ಅವರ ಪಾಲಿಗೆ ಇಲ್ಲದಂತೆಯೇ ಸರಿ.

ಶಕ್ತಿಯ ವಿಚಾರದಲ್ಲಿ ಆಸೆ ಕೂಡದು. ಲೇಸರಿನ ಕಿರಣಗಳು ಬಹುಮಟ್ಟಿಗೆ ಸಮಾಂತರವಾಗಿರುವುದರಿಂದ ಕಣ್ಣಿನ ಮಸೂರವು ಅವುಗಳನ್ನು ಅಕ್ಷಿಪಟದ ಮೇಲೆ ಅತಿಸಣ್ಣ ಬಿಂದುವಿನಲ್ಲಿ ಕೂಡಿಸಿಬಿಡುತ್ತದೆ. 1 ಮಿಲಿವಾಟಿಗೆ ಮೀರದ ಎರಡನೆಯ ವರ್ಗದ ಪಾಯಿಂಟರುಗಳಲ್ಲಿ, ರೆಪ್ಪೆ ಸುಮಾರು ಕಾಲು ಸೆಕೆಂಡಿನಲ್ಲಿ ತಾನಾಗಿ ಮುಚ್ಚಿ ಕಣ್ಣನ್ನು ಕಾಯುತ್ತದೆ. ಅಮೆರಿಕದ ನಿಯಮ 5 ಮಿಲಿವಾಟಿನವರೆಗೆ ಅನುಮತಿಸಿದರೂ ಕೋಣೆಯೊಳಗಿನ ಕೆಲಸಕ್ಕೆ 1 ಮಿಲಿವಾಟಿನ ಹಸುರು ಧಾರಾಳವಾಗಿ ಸಾಕೆಂದು ನನ್ನ ಅಭಿಪ್ರಾಯ. ಸಾಲದಿದ್ದರೆ ಒಂದೆರಡು ದೀಪಗಳನ್ನು ಆರಿಸಿದರಾಯಿತು.

ಚೀಟಿಯ ಮೇಲಿನ ಅಂಕಿಯನ್ನು ನಂಬುವುದೂ ಕಷ್ಟವೇ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯವರು 122 ಪಾಯಿಂಟರುಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಹಸುರಿನವುಗಳಲ್ಲಿ ಶೇಕಡ 90ರಷ್ಟೂ ಕೆಂಪಿನವುಗಳಲ್ಲಿ ಶೇಕಡ 44ರಷ್ಟೂ ಸುರಕ್ಷತಾ ನಿಯಮವನ್ನು ಮೀರಿದ್ದವು. ಹಸುರಿನಲ್ಲಿ ಅಡಗಿದ ಅಪಾಯ ಇನ್ನೊಂದು. 532ರ ಬೆಳಕು ನೇರವಾಗಿ ಹುಟ್ಟುವುದಿಲ್ಲ. 808 ನ್ಯಾನೋಮೀಟರಿನ ಅವಕೆಂಪು ಕಿರಣ ಒಂದು ಸ್ಫಟಿಕವನ್ನು ಪ್ರಚೋದಿಸುತ್ತದೆ, ಅದು 1064ರ ಅವಕೆಂಪನ್ನು ಹೊಮ್ಮಿಸುತ್ತದೆ, ಮತ್ತೊಂದು ಸ್ಫಟಿಕ ಅದರ ತರಂಗದೂರವನ್ನು ಅರ್ಧಕ್ಕಿಳಿಸುತ್ತದೆ. ಹಣ ಉಳಿಸಲು ಸೋಸುಕವನ್ನು ಬಿಟ್ಟರೆ ಉಳಿದ ಅವಕೆಂಪೂ ಹೊರಬೀಳುತ್ತದೆ. ಅದೇ ಸಂಸ್ಥೆಯವರು 2010ರಲ್ಲಿ ವರದಿಮಾಡಿದ ಅಗ್ಗದ ಪಾಯಿಂಟರೊಂದು 20 ಮಿಲಿವಾಟಿನಷ್ಟು ಅವಕೆಂಪನ್ನು ಸೂಸುತ್ತಿತ್ತು. ಕಣ್ಣಿಗೆ ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೆಂತು? 520ರ ಹಸುರನ್ನು ನೇರವಾಗಿ ಕೊಡುವ ಹೊಸ ಡಯೋಡುಗಳಲ್ಲಿ ಈ ತೊಡಕಿಲ್ಲ.

ಇನ್ನು ಬಳಕೆ. ಐದು ಮೀಟರ್ ದೂರದ ತೆರೆಯ ಮೇಲೆ, ಕೈ ಒಂದು ಡಿಗ್ರಿ ಅಲುಗಿದರೆ ಚುಕ್ಕಿ ಸುಮಾರು 9 ಸೆಂಟಿಮೀಟರ್ ಸರಿಯುತ್ತದೆ. ಬೆರಳಚ್ಚಿನಲ್ಲಿ ಗೆರೆ ಕವಲೊಡೆಯುವ ಬಿಂದುವನ್ನು ತೋರಿಸಹೊರಟವನು ಆಗ ಬೇರೊಂದು ಗೆರೆಯನ್ನೇ ತೋರಿಸಿಯಾನು! ಮೊಣಕೈಯನ್ನು ಮೇಜಿಗೆ ಊರಿ, ಬೇಕಾದ ಭಾಗದ ಸುತ್ತ ನಿಧಾನವಾಗಿ ಒಮ್ಮೆ ವೃತ್ತವೆಳೆದು, ಗುಂಡಿಯಿಂದ ಬೆರಳು ತೆಗೆಯುವುದು ಲೇಸು. ಗಾಜು ಹಾಕಿದ ಚಿತ್ರ, ಹಿತ್ತಾಳೆಯ ಕಟಕಟೆ ಇವು ಕನ್ನಡಿಯಂತೆ ಕಿರಣವನ್ನು ಯಾರದಾದರೂ ಕಣ್ಣಿಗೆ ಎಸೆದಾವು. ಟೆಲಿವಿಷನ್ ಮಾದರಿಯ ಪರದೆಗಳಾದರೆ ಪಾಯಿಂಟರು ನಿಷ್ಪ್ರಯೋಜಕ: ಕಪ್ಪು ಮುಖ ಬೆಳಕನ್ನು ಚದರಿಸದೆ ಹೀರಿಬಿಡುತ್ತದೆ, ಮೇಲಾಗಿ ಒಂದು ಪರದೆಯ ಮೇಲಿನ ಚುಕ್ಕಿ ಪಕ್ಕದ ಪರದೆಯಲ್ಲಿ ಮೂಡದು. ಅಲ್ಲಿ ಕಂಪ್ಯೂಟರಿನ ಬಾಣವೇ ಗತಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಭೌತಶಾಸ್ತ್ರದ್ದಲ್ಲ. ಮೇಲ್ಮನವಿಯನ್ನು ಕೇಳುವ ನ್ಯಾಯಾಧೀಶರ ಮುಂದೆ ಇರುವುದು ವಿಚಾರಣೆಯ ಲಿಖಿತ ದಾಖಲೆ. “ಕಾರು ಇಲ್ಲಿತ್ತು, ಆತ ಅಲ್ಲಿ ನಿಂತಿದ್ದ” ಎಂದು ಸಾಕ್ಷಿ ಚುಕ್ಕಿಯಾಡಿಸಿದರೆ, ಬರೆದುಕೊಳ್ಳುವವರ ಹಾಳೆಯಲ್ಲಿ ‘ಇಲ್ಲಿ’, ‘ಅಲ್ಲಿ’ ಎಂಬ ಎರಡು ಮಾತುಗಳಷ್ಟೇ ಉಳಿಯುತ್ತವೆ. ಆದುದರಿಂದ ನುರಿತ ವಕೀಲರು “ಸಾಕ್ಷಿಯು ನಕ್ಷೆಯ ಎಡಮೂಲೆಯ ದೀಪಸ್ತಂಭವನ್ನು ತೋರಿಸುತ್ತಿದ್ದಾರೆ” ಎಂದು ಬಾಯಿಬಿಟ್ಟು ಹೇಳುತ್ತಾರೆ. ಅಂಶ ಮುಖ್ಯವಾದುದಾದರೆ, ನಕ್ಷೆಯ ಪ್ರತಿಯೊಂದರ ಮೇಲೆ ಸಾಕ್ಷಿಯಿಂದಲೇ ಶಾಯಿಯ ಗುರುತು ಹಾಕಿಸಿ ಅದನ್ನೂ ದಾಖಲೆಗೆ ಸೇರಿಸಲು ಕೋರುತ್ತಾರೆ.